ನೆಲ ಕಾಯುವವರೂ ನೆಲದ ಮೇಲೆ ಆಡುವವರೂ

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಆಟದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಯಿತು. ಆಟಗಾರರನ್ನು ಕುರಿತು ಹೇಳುವವರು ಬಹಳ ಮಂದಿ ಇದ್ದಾರೆ. ಆಟದ ನೆಲವನ್ನು ಕುರಿತು ಹೇಳುವವರು ವಿರಳ. ಆದುದರಿಂದ ನಾವು ನೆಲದ ಕಡೆಯಿಂದಲೇ ಮಾತನಾಡುವುದೆಂದು ನಿಶ್ಚಯಿಸಿದೆವು. ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಪುಸ್ತಕ ಹಿಡಿದವರು. ವಾಚನಾಲಯಕ್ಕೆ ಬರುವ ವರ್ತಮಾನ ಪತ್ರಿಕೆಯನ್ನು ಹಿಂದಿನ ಪುಟದಿಂದ ಓದತೊಡಗುವವರ ಗುಂಪಿಗೆ ಸೇರಿದವರು. ಹೀಗೆ ಓದಿ ತಿಳಿದುದನ್ನೂ, ಬಾಂದ್ರಾದ ಸುತ್ತಮುತ್ತಲ ಮೈದಾನಗಳಲ್ಲಿ ಕಂಡುದನ್ನೂ ಕೂಡಿಸಿ ತಮ್ಮ ಮುಂದೆ ಇಡುತ್ತೇವೆ.

ಗಿರಣಿಯಲ್ಲಿ ಮಗ್ಗದ ಮೇಲೆ ಎಳೆ ಮೇಲಿಂದ ಮೇಲೆ ಹರಿಯುತ್ತಿದ್ದರೆ ನೇಕಾರನು ಸೈಜಿಂಗ್ ಖಾತೆಯವರನ್ನು ಬಯ್ಯುತ್ತಾನೆ. ನೂಲಿಗೆ ಗಂಜಿ ಸರಿಯಾಗಿ ಕೊಡಲಿಲ್ಲವೆಂಬುದು ಅವನ ದೂರು. ಅದು ಕೆಲವೊಮ್ಮೆ ನಿಜವೂ ಹೌದು. ಆದರೆ ಬಟ್ಟೆ ಸೊಗಸಾಗಿ ಬಂದ ದಿನ ಸೈಜಿಂಗ್ ಖಾತೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಆಟದ ಮೈದಾನದಲ್ಲಿಯೂ ಇದೇ ನ್ಯಾಯ ನಡೆದಿದೆ. ಗೆದ್ದವನು ತನ್ನ ಕೈಚಳಕದಿಂದ ಗೆದ್ದೆನೆನ್ನುತ್ತಾನೆ. ಸೋತವನು ನೆಲ ಸರಿಯಿರಲಿಲ್ಲವೆನ್ನುತ್ತಾನೆ. ನೆಲವನ್ನು ಅಣಿಮಾಡಿದವನಿಗೆ ಗೆಲುವಿನಲ್ಲಿ ಪಾಲಿಲ್ಲ, ಸೋಲಿನಲ್ಲಿ ಮಾತ್ರ ಪೂರ್ತಿ ಪಾಲು! ಇದು ನ್ಯಾಯವೇ ಎಂಬುದು ಈ ಹೊತ್ತಿನ ನಮ್ಮ ಪ್ರಶ್ನೆ.

ಈ ಪ್ರಶ್ನೆಯನ್ನು ಮೊದಲು ಗಾಲ್ಫ್ ಆಟದಲ್ಲಿ ನೋಡೋಣ. ನಮ್ಮಲ್ಲಿ ಹೆಚ್ಚಿನವರಿಗೆ ಅದು ದೂರದ ಆಟ. ಆದರೂ ಅದರ ಮೈದಾನ ನಮಗೆ ದೂರವಲ್ಲ. ಇಲ್ಲಿಂದ ಸ್ವಲ್ಪವೇ ಆಚೆ ಚೆಂಬೂರಿನಲ್ಲಿ 1927ರಿಂದ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬು ಇದೆ. ನಮ್ಮ ಬೆಂಗಳೂರಿನ ಗಾಲ್ಫ್ ಕ್ಲಬ್ಬು ಇನ್ನೂ ಹಳೆಯದು, 1876ರದು. ಹದಿನೆಂಟು ಕುಳಿಗಳ ವಿಶಾಲವಾದ ಹುಲ್ಲುಗಾವಲು ಅದು. ಒಂದೊಂದು ಕುಳಿಯ ಸುತ್ತಲೂ ಗ್ರೀನ್ ಎಂದು ಕರೆಯುವ ನುಣುಪಾದ ಹುಲ್ಲಿನ ಅಂಗಳ. ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಅಲ್ಲಿಯ ಹುಲ್ಲನ್ನು ಸುಮಾರು ಮೂರು ಮಿಲಿಮೀಟರಿನಷ್ಟು ಗಿಡ್ಡವಾಗಿ ಕತ್ತರಿಸುತ್ತಾರೆ. ಅಷ್ಟು ಗಿಡ್ಡ ಹುಲ್ಲು ಬೇಸಗೆಯ ಬಿಸಿಲಿನಲ್ಲಿ ಒಣಗಬಾರದು, ಮಳೆಗಾಲದಲ್ಲಿ ಕೊಳೆಯಬಾರದು. ಇದನ್ನೆಲ್ಲ ನೋಡಿಕೊಳ್ಳುವ ಮುಖ್ಯಸ್ಥನಿಗೆ ಸೂಪರಿಂಟೆಂಡೆಂಟ್ ಎಂದು ಹೆಸರು. ನೀರು, ಗೊಬ್ಬರ, ಮರಳು, ಯಂತ್ರ, ಆಳುಕಾಳು ಎಲ್ಲವೂ ಅವನ ಹೊಣೆ. ಆಟಗಾರರು ಬರುವ ಮುನ್ನ, ನಸುಕಿನಲ್ಲಿ, ಅವನ ಮಂದಿ ಹುಲ್ಲು ಕತ್ತರಿಸಿ, ಕುಳಿಯ ಜಾಗವನ್ನೂ ಬದಲಿಸಿರುತ್ತಾರೆ. ಒಂದೇ ಕಡೆ ಎಲ್ಲರೂ ತುಳಿದರೆ ಹುಲ್ಲು ಸಾಯುವುದೆಂದು ಈ ಉಪಾಯ.

ಈ ಉದ್ಯೋಗಕ್ಕೆ ಮಾನ ತಂದವರಲ್ಲಿ ಸ್ಕಾಟ್ಲೆಂಡಿನ ಟಾಮ್ ಮಾರಿಸ್ ಅವರ ಹೆಸರು ದೊಡ್ಡದು. ಅವರು 1861ರಿಂದ 1867ರೊಳಗೆ ನಾಲ್ಕು ಸಲ ಓಪನ್ ಪಂದ್ಯವನ್ನು ಗೆದ್ದ ಆಟಗಾರರು. ಅಂಥವರು ಸೇಂಟ್ ಆಂಡ್ರೂಸ್ ಊರಿನ ಮೈದಾನದ ಪಾಲಕರಾಗಿ 1903ರವರೆಗೆ ಸುಮಾರು ನಾಲ್ವತ್ತು ವರ್ಷ ದುಡಿದರು. ಮರಳು ಹರಡಿ ಹುಲ್ಲನ್ನು ಬಲಪಡಿಸುವ ಪದ್ಧತಿಯನ್ನು ಬೆಳೆಸಿದವರು ಅವರೇ. ರವಿವಾರ ಆಟಗಾರನಿಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕೆಂಬುದು ಅವರ ಹಟವಾಗಿತ್ತು. ಇಂದಿಗೂ ಅಲ್ಲಿಯ ಹಳೆಯ ಮೈದಾನದಲ್ಲಿ, ದೊಡ್ಡ ಪಂದ್ಯಗಳ ಹೊರತು, ರವಿವಾರ ಆಟವಿಲ್ಲ. ಆಡಬಲ್ಲವನೇ ನೆಲವನ್ನೂ ಕಾಯಲು ನಿಂತುದರಿಂದ ಆಟಗಾರನ ಕಷ್ಟವೂ ನೆಲದ ಕಷ್ಟವೂ ಒಬ್ಬನಿಗೇ ತಿಳಿದಿತ್ತು. ಮುಂದೆ ಈ ಎರಡು ಕೆಲಸಗಳು ಬೇರೆಬೇರೆಯಾದವು. 1926ರಲ್ಲಿ ಅಮೆರಿಕದ ಟೊಲೀಡೊ ಪಟ್ಟಣದಲ್ಲಿ ನೆಲ ಕಾಯುವವರು ಸೇರಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಸಂಘ ಕಟ್ಟಿಕೊಂಡವನ ಮಾತಿಗೆ ತೂಕ ಬರುವುದೆಂಬುದನ್ನು ಗಿರಣಿಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಬೇರೆಯಾದ ಮೇಲೆ ಮನಸ್ತಾಪ ಹುಟ್ಟುವುದು ಸಹಜ. ಅದಕ್ಕೊಂದು ಉದಾಹರಣೆ ಕೇಳಿರಿ. 1935ರಲ್ಲಿ ಅಮೆರಿಕದ ಓಕ್‌ಮಾಂಟ್ ಎಂಬಲ್ಲಿ ದೊಡ್ಡ ಪಂದ್ಯ ನಡೆಯಿತು. ಅಲ್ಲಿಯ ಗ್ರೀನುಗಳು ಎಷ್ಟು ನುಣುಪೆಂದರೆ ಮೆಲ್ಲಗೆ ತಟ್ಟಿದ ಚೆಂಡೂ ಜಾರಿ ಹೊರಗೆ ಹೋಗುತ್ತಿತ್ತು. ಅದನ್ನು ಕಂಡ ಎಡ್ವರ್ಡ್ ಸ್ಟಿಂಪ್ಸನ್ ಎಂಬವರು, ಗ್ರೀನಿನ ವೇಗವನ್ನು ಅಳೆಯಲು ನಡುವೆ ಗಾಡಿಯಿರುವ ಸುಮಾರು ಒಂದು ಗಜದ ಪಟ್ಟಿಯೊಂದನ್ನು ಮಾಡಿದರು. ಪಟ್ಟಿಯನ್ನು ಮೇಲೆತ್ತಿದರೆ ಚೆಂಡು ಉರುಳಿ ನೆಲಕ್ಕೆ ಬರುತ್ತದೆ. ಎಷ್ಟು ಅಡಿ ಹೋಗಿ ನಿಂತಿತೋ ಅಷ್ಟು ಅದರ ವೇಗ. 1978ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಇದನ್ನು ಸೂಪರಿಂಟೆಂಡೆಂಟರ ಕೈಗೆ ಕೊಟ್ಟಿತು. ಒಂದೇ ಮೈದಾನದ ಎಲ್ಲ ಗ್ರೀನುಗಳೂ ಸಮವಾಗಿರಲಿ ಎಂಬುದಷ್ಟೇ ಉದ್ದೇಶ. ಆದರೆ ಆದುದೇನು? ಪಕ್ಕದ ಕ್ಲಬ್ಬಿನಲ್ಲಿ ಹತ್ತು ಅಡಿ ಇದ್ದರೆ ನಮ್ಮಲ್ಲಿ ಹನ್ನೊಂದು ಬೇಕೆಂದು ಆಟಗಾರರು ಪಟ್ಟು ಹಿಡಿದರು. ವೇಗ ಹೆಚ್ಚಬೇಕಾದರೆ ಹುಲ್ಲು ಇನ್ನೂ ಗಿಡ್ಡವಾಗಬೇಕು. ಗಿಡ್ಡವಾದಷ್ಟೂ ಬೇರು ಸೊರಗುತ್ತದೆ, ರೋಗ ತಗಲುತ್ತದೆ. ರೋಗ ತಗಲಿದ ಮೇಲೆ ಬಯ್ಯಿಸಿಕೊಳ್ಳುವವನು ಮತ್ತೆ ಸೂಪರಿಂಟೆಂಡೆಂಟನೇ! ನೆಲದವನ ಸಹಾಯಕ್ಕೆ ಬಂದ ಅಳತೆಗೋಲು ಅವನ ಬೆನ್ನಿಗೇ ಬೀಳುವ ಕೋಲಾಯಿತು.

ಇಷ್ಟಾದರೂ ಗಾಲ್ಫಿನಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಅದಕ್ಕಾಗಿಯೇ ನಾವು ಈ ಆಟವನ್ನು ಮೊದಲು ಎತ್ತಿಕೊಂಡೆವು. ಹೊಡೆತಕ್ಕೆ ಹುಲ್ಲುಹೆಂಟೆ ಎದ್ದರೆ ಆಟಗಾರನು ಅದನ್ನು ತಿರುಗಿ ಅಲ್ಲಿಯೇ ಕೂರಿಸಬೇಕು. ಚೆಂಡು ಮೇಲಿನಿಂದ ಬಿದ್ದು ಗ್ರೀನಿನಲ್ಲಿ ತಗ್ಗು ಮಾಡಿದರೆ ಅದನ್ನು ಸರಿಪಡಿಸಬೇಕು. ಮರಳುಗುಂಡಿಯಲ್ಲಿ ನಡೆದಾಡಿದರೆ ತನ್ನ ಹೆಜ್ಜೆಯ ಗುರುತನ್ನು ತಾನೇ ಅಳಿಸಿ ಹೊರಬರಬೇಕು. 2019ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಮೊದಲನೆಯ ನಿಯಮದೊಳಗೇ ಈ ಮಾತು ಸೇರಿದೆ. ಮಾಡದಿದ್ದರೆ ಸಾಮಾನ್ಯವಾಗಿ ದಂಡವಿಲ್ಲ. ಆದರೆ ಮಾಡತಕ್ಕದ್ದೆಂಬುದು ಸಭ್ಯ ಆಟಗಾರನ ಲಕ್ಷಣ. ಅಂದರೆ ನೆಲವನ್ನು ಕಾಯುವ ಕೆಲಸದಲ್ಲಿ ಒಂದು ಚೂರು ಆಡುವವನ ಪಾಲಿಗೂ ಬಂದಿದೆ. ತನ್ನ ಕೈಯಿಂದ ನೆಲ ಮುಟ್ಟಿ ಸರಿಮಾಡಿದವನು, ನೆಲದವನನ್ನು ಬಯ್ಯುವ ಮುಂಚೆ ಒಂದು ಕ್ಷಣ ಯೋಚಿಸುತ್ತಾನೆ.

ಇನ್ನು ನಮ್ಮ ಆಟಕ್ಕೆ, ಎಂದರೆ ಕ್ರಿಕೆಟ್ಟಿಗೆ ಬರೋಣ. ಇಲ್ಲಿ ಸೂಪರಿಂಟೆಂಡೆಂಟನ ಸ್ಥಾನದಲ್ಲಿರುವವನು ಕ್ಯುರೇಟರ್. ನಮ್ಮ ಮುಂಬಯಿಯ ಮೈದಾನಗಳಲ್ಲಿ ಎಲ್ಲರ ಬಾಯಲ್ಲಿಯೂ ಅವನು ಮಾಲಿ. ಪಿಚ್ಚಿನ ಉದ್ದ 22 ಗಜ, ಅಗಲ 10 ಅಡಿ. ಇಷ್ಟು ಚಿಕ್ಕ ನೆಲದ ಮೇಲೆ ಪಂದ್ಯದ ಹಣೆಬರಹ ನಿಂತಿರುತ್ತದೆ. ಜೇಡಿಮಣ್ಣನ್ನು ಹಾಸಿ, ನೀರು ಕುಡಿಸಿ, ರೋಲರ್ ಎಳೆದು, ಒಣಗಲು ಬಿಟ್ಟು, ಮತ್ತೆ ನೀರು, ಮತ್ತೆ ರೋಲರ್ — ಹೀಗೆ ದಿನಗಟ್ಟಲೆ ನಡೆಯುತ್ತದೆ. ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡಬೇಕು. ಹಸಿ ಹೆಚ್ಚಾದರೆ ವೇಗದ ಬೌಲರನಿಗೆ ಹಬ್ಬ. ಒಣಗಿ ಬಿರುಕು ಬಿಟ್ಟರೆ ಸ್ಪಿನ್ ಹಾಕುವವನಿಗೆ ಹಬ್ಬ. ಕೆಂಪು ಮಣ್ಣಿನ ಪಿಚ್ಚಿನಲ್ಲಿ ಚೆಂಡು ಚೆನ್ನಾಗಿ ಪುಟಿಯುವುದು, ಕರಿಮಣ್ಣಿನಲ್ಲಿ ನಿಧಾನವಾಗಿ ಬರುವುದು. ಜೊತೆಗೆ ಮುಂಬಯಿಯ ಮಳೆಗಾಲ! 1948ರಿಂದ ನಡೆದು ಬಂದ ಕಾಂಗಾ ಲೀಗ್ ಪಂದ್ಯಗಳನ್ನಂತೂ ಮಳೆಯ ತಿಂಗಳುಗಳಲ್ಲಿಯೇ ಆಡುವ ರೂಢಿ. ಆ ದಿನಗಳಲ್ಲಿ ಮಾಲಿಯ ಪಾಡು ಏನೆಂಬುದನ್ನು ಆಜಾದ್ ಮೈದಾನಕ್ಕೆ ಹೋಗಿ ನೋಡಿದವರು ಬಲ್ಲರು.

ಕ್ರಿಕೆಟ್ಟಿನ ಕಾಯಿದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪಂದ್ಯಕ್ಕೆ ಮುಂಚೆ ಪಿಚ್ಚನ್ನು ಆರಿಸುವುದೂ ಸಿದ್ಧಮಾಡುವುದೂ ಮೈದಾನದ ಅಧಿಕಾರಿಗಳಿಗೆ ಸೇರಿದ್ದು. ಪಂದ್ಯ ಮೊದಲಾದ ಮೇಲೆ ಅದರ ಉಪಯೋಗ, ಉಸ್ತುವಾರಿ ಅಂಪೈರರ ಕೈಯಲ್ಲಿ. ಬ್ಯಾಟು ಮಾಡುವ ತಂಡದ ನಾಯಕನು ರೋಲರ್ ಬೇಕೆಂದು ಕೇಳಬಹುದು, ಅದೂ ಏಳು ನಿಮಿಷಕ್ಕೆ ಮೀರದಂತೆ. ಪಿಚ್ಚಿನ ನಡುಭಾಗದಲ್ಲಿ ಓಡಿ ಅದನ್ನು ಕೆಡಿಸುವ ಬೌಲರನಿಗೆ ಎಚ್ಚರಿಕೆಯುಂಟು, ಕೇಳದಿದ್ದರೆ ಆ ಇನಿಂಗ್ಸಿನಲ್ಲಿ ಮತ್ತೆ ಬೌಲು ಮಾಡದಂತೆ ತಡೆಯೂ ಉಂಟು. ಕಾಯಿದೆ ಇಷ್ಟು ಹೇಳಿದ್ದರೂ ನಾಯಕರ ಮನಸ್ಸು ಪಂದ್ಯದ ಮುಂಚಿನ ಪಿಚ್ಚಿನ ಮೇಲೆಯೇ ಇರುತ್ತದೆ.

2012ರ ನವೆಂಬರಿನಲ್ಲಿ ಇಂಗ್ಲೆಂಡಿನ ತಂಡ ನಮ್ಮಲ್ಲಿಗೆ ಬಂದಿತ್ತು. ಅಹಮದಾಬಾದಿನ ಮೊದಲ ಟೆಸ್ಟನ್ನು ನಮ್ಮವರು ಗೆದ್ದರು. ಗೆದ್ದೂ ನಾಯಕ ಧೋನಿಯವರಿಗೆ ಪಿಚ್ಚು ಸಮಾಧಾನವಾಗಲಿಲ್ಲ; ಚೆಂಡು ಮೊದಲ ದಿನದಿಂದಲೇ ತಿರುಗಬೇಕೆಂದರು. ಮುಂದಿನ ಟೆಸ್ಟು ನಮ್ಮ ವಾಂಖೆಡೆಯಲ್ಲಿ. ಚೆಂಡು ತಿರುಗಿತು. ಆದರೆ ತಿರುಗುವ ಚೆಂಡಿಗೆ ಸ್ವದೇಶಿ ಪರದೇಶಿ ಎಂಬ ಭೇದವಿದೆಯೇ? ಇಂಗ್ಲೆಂಡಿನ ಪನೇಸರ್ 11, ಸ್ವಾನ್ 8, ಹೀಗೆ ಇಬ್ಬರೇ 19 ವಿಕೆಟ್ಟು ಕಿತ್ತರು. ಪೀಟರ್ಸನ್ 186 ಓಟ ಹೊಡೆದರು. ಇಂಗ್ಲೆಂಡು ಹತ್ತು ವಿಕೆಟ್ಟಿನಿಂದ ಗೆದ್ದಿತು. ಅದರ ಮುಂದಿನದು ಕಲಕತ್ತೆಯಲ್ಲಿ. ಈಡನ್ ಗಾರ್ಡನ್ಸಿನ ಹಿರಿಯ ಕ್ಯುರೇಟರ್ ಪ್ರಬೀರ್ ಮುಖರ್ಜಿಯವರು, ಆಗಲೇ ಎಂಬತ್ತು ದಾಟಿದವರು, ನಾಯಕನ ಇಚ್ಛೆಯಂತೆ ಪಿಚ್ಚು ಮಾಡುವುದು ನೀತಿಯಲ್ಲವೆಂದು ಬಹಿರಂಗವಾಗಿ ಹೇಳಿದರು. ಆ ವೃದ್ಧರ ಧೈರ್ಯವನ್ನು ಮೆಚ್ಚಬೇಕು. ಆ ಟೆಸ್ಟನ್ನೂ ಸರಣಿಯನ್ನೂ ಇಂಗ್ಲೆಂಡೇ ಗೆದ್ದಿತು.

ಆಗ ವಾಂಖೆಡೆಯ ಪಿಚ್ಚು ನೋಡುತ್ತಿದ್ದವರು ಸುಧೀರ್ ನಾಯಕ್. ಇವರೂ ಟಾಮ್ ಮಾರಿಸ್‌ರಂತೆ ಆಟಗಾರರಾಗಿದ್ದು ನೆಲಕ್ಕೆ ಇಳಿದವರು. 1970-71ರಲ್ಲಿ ಮುಂಬಯಿ ತಂಡದ ನಾಯಕರಾಗಿ ರಣಜಿ ಟ್ರೋಫಿಯನ್ನು ತಂದವರು. 1974ರಲ್ಲಿ ಭಾರತದ ಪರವಾಗಿ ಟೆಸ್ಟು ಆಡಿದವರು. 2011ರ ಏಪ್ರಿಲ್ 2ರಂದು ಭಾರತ ವಿಶ್ವಕಪ್ಪನ್ನು ಗೆದ್ದುದು ಇವರು ಸಿದ್ಧಮಾಡಿದ ಪಿಚ್ಚಿನ ಮೇಲೆ. ಆ ರಾತ್ರಿ ಮುಂಬಯಿಯ ಬೀದಿಬೀದಿಗಳಲ್ಲಿ ಜಯಕಾರ ಮೊಳಗಿತು. ಪಿಚ್ಚಿನವನ ಹೆಸರು ಹೇಳಿದವರುಂಟೇ? ನಾಲ್ಕು ವರ್ಷ ಕಳೆದು, 2015ರ ಅಕ್ಟೋಬರ್ 25ರಂದು, ಅದೇ ಮೈದಾನದಲ್ಲಿ ದಕ್ಷಿಣ ಆಫ್ರಿಕದವರು 50 ಓವರಿನಲ್ಲಿ 438 ಓಟ ಕೂಡಿಹಾಕಿದರು. ಮೂವರು ಶತಕ ಬಾರಿಸಿದರು. ನಮ್ಮವರು 214 ಓಟಗಳಿಂದ ಸೋತರು. ಪಂದ್ಯವಾದ ಮೇಲೆ ತಂಡದ ನಿರ್ದೇಶಕರಾಗಿದ್ದ ರವಿ ಶಾಸ್ತ್ರಿಯವರು ತಮ್ಮನ್ನು ಬಯ್ದರೆಂದು ನಾಯಕ್ ಅವರು ಮುಂಬೈ ಕ್ರಿಕೆಟ್ ಸಂಸ್ಥೆಗೆ ದೂರು ಕೊಟ್ಟರು. ಯಾರು ಏನೆಂದರೆಂಬ ವಿಚಾರಣೆ ನಮ್ಮ ಕೆಲಸವಲ್ಲ. ಲೆಕ್ಕದವರಾದ ನಮಗೆ ಕಾಣುವುದು ಲೆಕ್ಕ ಮಾತ್ರ. ಒಂದು ತಂಡ 438 ಮಾಡಿದ ನೆಲದ ಮೇಲೆಯೇ ಇನ್ನೊಂದು ತಂಡ 224ಕ್ಕೆ ಮುಗಿಯಿತು. ಹೀಗಿರುವಾಗ ಆ 214 ಓಟಗಳ ಅಂತರವನ್ನೆಲ್ಲ ಮಣ್ಣಿನ ಖಾತೆಗೆ ಬರೆಯುವುದು ಯಾವ ಜಮಾಖರ್ಚು? ನಾಯಕ್ ಅವರು 2023ರ ಏಪ್ರಿಲಿನಲ್ಲಿ ತೀರಿಕೊಂಡರು.

ಹಾಗೆಂದು ನೆಲದವನು ಎಂದೂ ತಪ್ಪುವುದಿಲ್ಲವೆಂದು ನಾವು ವಾದಿಸುವುದಿಲ್ಲ. 2004ರ ನವೆಂಬರಿನಲ್ಲಿ ಇದೇ ವಾಂಖೆಡೆಯಲ್ಲಿ ಆಸ್ಟ್ರೇಲಿಯದವರಿಗೆ ಗೆಲ್ಲಲು ಬೇಕಾಗಿದ್ದುದು 107 ಓಟ. ಅವರು 93ಕ್ಕೆ ಕುಸಿದರು. ಪಂದ್ಯ ಮೂರನೆಯ ದಿನವೇ ಮುಗಿಯಿತು. ಆ ಪಿಚ್ಚನ್ನು ಅವರ ನಾಯಕ ಪಾಂಟಿಂಗ್ ಟೀಕಿಸಿದುದರಲ್ಲಿ ಆಶ್ಚರ್ಯವಿಲ್ಲ. ಟೀಕೆಗೆ ಸ್ಥಳವಿದೆ. ದೊಡ್ಡ ಪಂದ್ಯಗಳಲ್ಲಿ ಪಿಚ್ಚು ಹೇಗಿತ್ತೆಂದು ಮ್ಯಾಚ್ ರೆಫರಿ ವರದಿ ಬರೆಯುತ್ತಾರೆ. ಕೆಟ್ಟದ್ದಾದರೆ ಮೈದಾನಕ್ಕೇ ಶಿಕ್ಷೆ. ನಮ್ಮ ಆಕ್ಷೇಪವಿರುವುದು ಟೀಕೆಗೆ ಅಲ್ಲ, ಸೋತ ಸಿಟ್ಟನ್ನು ಎದುರುತ್ತರ ಕೊಡಲಾರದವನ ಮೇಲೆ ಕಾರುವುದಕ್ಕೆ.

ನೆಲವನ್ನು ಬಯ್ಯುವುದಕ್ಕಿಂತ ನೆಲವನ್ನು ಓದುವುದು ಮೇಲು. ಇದಕ್ಕೆ ನಿದರ್ಶನ ನಮ್ಮ ಬಾಂದ್ರಾದಲ್ಲಿಯೇ ಇದೆ. 2024ರ ಮಾರ್ಚಿನಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಮೈದಾನದಲ್ಲಿ ಮುಂಬಯಿ ಮತ್ತು ತಮಿಳುನಾಡು ತಂಡಗಳ ರಣಜಿ ಉಪಾಂತ್ಯ ಪಂದ್ಯ ನಡೆಯಿತು. ವೇಗಕ್ಕೆ ಒದಗುವ ಪಿಚ್ಚು. ಟಾಸು ಗೆದ್ದ ತಮಿಳುನಾಡಿನ ನಾಯಕರು ಬ್ಯಾಟು ಮಾಡುವೆವೆಂದರು, 146ಕ್ಕೆ ಮುಗಿದರು. ಕೊನೆಗೆ ಒಂದು ಇನಿಂಗ್ಸ್ ಮತ್ತು 70 ಓಟಗಳಿಂದ ಸೋತರು. ಅವರ ತರಬೇತುದಾರ ಸುಲಕ್ಷಣ್ ಕುಲಕರ್ಣಿಯವರು ಮುಂಬಯಿಯವರೇ. ಮೊದಲ ದಿನದ ಬೆಳಗಿನ ನಿರ್ಧಾರದಲ್ಲೇ ಪಂದ್ಯ ಕೈಬಿಟ್ಟಿತೆಂದು ಅವರು ಹೇಳಿದರು. ತಮ್ಮ ನಾಯಕರನ್ನು ಹೀಗೆ ಎಲ್ಲರೆದುರು ಹೇಳಬಾರದಿತ್ತೆಂದು ಕೆಲವರು ಆಕ್ಷೇಪಿಸಿದ್ದೂ ಉಂಟು. ಅದಿರಲಿ, ಅವರು ಮಾಲಿಯ ಮೇಲೆ ತಪ್ಪು ಹೊರಿಸಲಿಲ್ಲವೆಂಬುದನ್ನು ಗಮನಿಸಿರಿ. ಇನ್ನೊಂದು ವರ್ಷ ತುಂಬುವುದರೊಳಗೆ, 2025ರ ಜನವರಿಯಲ್ಲಿ, ಅದೇ ಮೈದಾನದಲ್ಲಿ ರೋಹಿತ್ ಶರ್ಮರಂಥವರಿದ್ದ ಮುಂಬಯಿ ತಂಡ ಜಮ್ಮು-ಕಾಶ್ಮೀರದವರೆದುರು 120ಕ್ಕೆ ಮುಗಿದು, ಐದು ವಿಕೆಟ್ಟಿನಿಂದ ಪಂದ್ಯವನ್ನೂ ಸೋತಿತು. ನೆಲಕ್ಕೆ ಮನೆಯವರು, ನೆಂಟರು ಎಂಬ ಪಕ್ಷಪಾತವಿಲ್ಲವೆಂಬುದಕ್ಕೆ ಇನ್ನೇನು ಬೇಕು?

ನಮ್ಮ ಕನ್ನಡನಾಡಿಗೂ ಈ ವಿಷಯದಲ್ಲಿ ಹೆಮ್ಮೆಯ ಮಾತುಂಟು. ಹಿಂದೆ ಮೈಸೂರು ತಂಡದ ಬೌಲರೂ ನಾಯಕರೂ ಆಗಿದ್ದ ಜಿ. ಕಸ್ತೂರಿರಂಗನ್ ಅವರು ಆಟ ಬಿಟ್ಟ ಮೇಲೆ ಪಿಚ್ಚಿನ ಕೆಲಸಕ್ಕೆ ನಿಂತು, ಕ್ಯುರೇಟರಾಗಿ ಹೆಸರು ಪಡೆದರು. ಅವರು 2020ರ ಆಗಸ್ಟಿನಲ್ಲಿ 89ನೆಯ ವಯಸ್ಸಿನಲ್ಲಿ ಕಾಲವಾದರು. ಇನ್ನೊಂದು ಸಂಗತಿ. 2015ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕದೊಡನೆ ನಡೆಯಬೇಕಾಗಿದ್ದ ಟೆಸ್ಟು ಒಂದು ದಿನ ಮಾತ್ರ ನಡೆದು, ಉಳಿದ ನಾಲ್ಕು ದಿನ ಮಳೆಗೆ ಆಹುತಿಯಾಯಿತು. ಅನಂತರ, 2017ರಲ್ಲಿ, ಮೈದಾನದ ಅಡಿಯಲ್ಲಿ ಕೊಳವೆ ಹೂಡಿ ಗಾಳಿಯಿಂದ ನೀರನ್ನು ಕೆಳಕ್ಕೆ ಹೀರುವ ಸಬ್‌ಏರ್ ಎಂಬ ಏರ್ಪಾಡು ಅಲ್ಲಿಗೆ ಬಂದಿತು. ಇದರ ಮೂಲ ಎಲ್ಲಿಯದೆಂದು ಬಲ್ಲಿರಾ? ಅಮೆರಿಕದ ಆಗಸ್ಟಾ ಗಾಲ್ಫ್ ಮೈದಾನದ ನೆಲ ನೋಡಿಕೊಳ್ಳುತ್ತಿದ್ದ ಮಾರ್ಷ್ ಬೆನ್ಸನ್ ಅವರು 1990ರ ದಶಕದಲ್ಲಿ ಗ್ರೀನುಗಳಿಗಾಗಿ ಹುಡುಕಿದ ಉಪಾಯವಿದು. ಅಲ್ಲಿಯ ಹುಲ್ಲು ಕಾಯುವವನ ಬುದ್ಧಿಯಿಂದ ಬೆಂಗಳೂರಿನ ಪ್ರೇಕ್ಷಕನಿಗೆ ಕೊಟ್ಟ ದುಡ್ಡಿಗೆ ಆಟ ದೊರೆಯುವಂತಾಯಿತು!

ಆಟಗಾರರೆಲ್ಲ ಕೃತಘ್ನರೆಂದು ತಿಳಿಯಬಾರದು. 2023ರ ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಏಷ್ಯಾ ಕಪ್ಪಿನ ಅಂತಿಮ ಪಂದ್ಯ. ಆ ಪಂದ್ಯಾವಳಿಯ ಉದ್ದಕ್ಕೂ ಮಳೆ ಕಾಡಿತ್ತು. ಮೈದಾನದವರು ಹೊದಿಕೆ ಎಳೆಯುವುದು, ತೆಗೆಯುವುದು, ಮತ್ತೆ ಎಳೆಯುವುದು. ಅಂತಿಮ ಪಂದ್ಯದಲ್ಲಿ 21 ಓಟಕ್ಕೆ 6 ವಿಕೆಟ್ಟು ಪಡೆದ ಮಹಮ್ಮದ್ ಸಿರಾಜ್ ಅವರು ತಮ್ಮ ಬಹುಮಾನದ 5,000 ಡಾಲರನ್ನು ಆ ಮೈದಾನದ ಕೆಲಸಗಾರರಿಗೆ ಕೊಟ್ಟರು. ಆಟೋರಿಕ್ಷಾ ಓಡಿಸಿ ಸಂಸಾರ ಸಾಕಿದ ತಂದೆಯ ಮಗನಿಗೆ ಬೆವರಿನ ಬೆಲೆ ತಿಳಿದಿರುವುದು ಸಹಜ. 2024ರಲ್ಲಿ ಐಪಿಎಲ್ ಮುಗಿದಾಗ ಕ್ರಿಕೆಟ್ ಮಂಡಲಿಯೂ ಹತ್ತು ಮುಖ್ಯ ಮೈದಾನಗಳ ಕೆಲಸಗಾರರಿಗೆ ತಲಾ 25 ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಇದು ಸಂತೋಷದ ಸುದ್ದಿ. ಆದರೆ ಟೆಲಿವಿಜನ್ನಿನಲ್ಲಿ ಕಾಣದ ಮೈದಾನಗಳ ಮಾಲಿಗೆ ಇದರಿಂದ ಬಂದುದೇನು?

ಆ ಮಾಲಿಯ ಬಳಿಗೆ ನಾವು ಬರಬೇಕು. ರವಿವಾರ ನಮ್ಮ ಹುಡುಗರು ಆಡಲು ಹೋಗುವ ಮೈದಾನಗಳಲ್ಲಿ ಅವನು ನಸುಕಿಗೇ ಬಂದು ನೀರು ಚಿಮುಕಿಸಿ, ಗೆರೆ ಎಳೆದು, ಸ್ಟಂಪು ನೆಟ್ಟಿರುತ್ತಾನೆ. ತಂದೆಯ ವಯಸ್ಸಿನ ಅವನನ್ನು ಹದಿನೆಂಟರ ತರುಣರು ಏಕವಚನದಲ್ಲಿ ಕೂಗುವುದನ್ನು ನಾವು ಕೇಳಿದ್ದೇವೆ. ಚೆಂಡು ಎತ್ತರ ಪುಟಿದು ಔಟಾದವನು ಅವನ ಕಡೆ ಬ್ಯಾಟು ತೋರಿಸಿ ಗೊಣಗುವುದನ್ನೂ ಕಂಡಿದ್ದೇವೆ. ಸಂಜೆ ಆಟ ಮುಗಿದ ಮೇಲೆ ಬೌಲರುಗಳ ಕಾಲಿನಿಂದಾದ ಗುಂಡಿಗಳಿಗೆ ಮಣ್ಣು ತುಂಬಿ ತಟ್ಟುವವನೂ ಅವನೊಬ್ಬನೇ. ಆ ಹೊತ್ತಿಗೆ ನಮ್ಮ ತರುಣರು ಚಹಾ ಕುಡಿಯುತ್ತಿರುತ್ತಾರೆ.

ಆದುದರಿಂದ ನಮ್ಮ ಸಂಘದ ತರುಣರ ಮುಂದೆ ನಾಲ್ಕು ಸೂಚನೆಗಳನ್ನಿಡುತ್ತೇವೆ. ಮೊದಲನೆಯದು, ಗಾಲ್ಫಿನವರಂತೆ ತಾವು ಕೆಡಿಸಿದ ನೆಲವನ್ನು ತಾವೇ ಸರಿಮಾಡುವುದು. ಆಟ ಮುಗಿದ ಮೇಲೆ ಹನ್ನೊಂದು ಜನ ಹತ್ತು ನಿಮಿಷ ನಿಂತರೆ ಆ ಗುಂಡಿಗಳು ತುಂಬುತ್ತವೆ. ಎರಡನೆಯದು, ಪಿಚ್ಚಿನ ವಿಷಯವಾಗಿ ಹೇಳುವುದಿದ್ದರೆ ಪಂದ್ಯದ ಎರಡು ದಿನ ಮುಂಚೆ ಹೋಗಿ ವಿನಯದಿಂದ ಹೇಳುವುದು. ಸೋತ ಮೇಲೆ ಹೇಳಿದರೆ ಅದು ಸಲಹೆಯಲ್ಲ, ಸಬೂಬು. ಮೂರನೆಯದು, ಪಿಚ್ಚು ಹಸಿಯಾಗಿದೆ, ಇಂದು ಬೇಡವೆಂದು ಮಾಲಿ ಹೇಳಿದರೆ ಆ ಮಾತನ್ನು ಮನ್ನಿಸುವುದು. ಟಾಮ್ ಮಾರಿಸ್‌ರ ನೆಲಕ್ಕೆ ವಾರಕ್ಕೊಂದು ದಿನ ವಿಶ್ರಾಂತಿ ದೊರೆಯಿತು. ಮುಂಬಯಿಯ ನೆಲಕ್ಕೆ ಅಪರೂಪಕ್ಕೊಮ್ಮೆಯಾದರೂ ಅದು ಸಿಗಲಿ. ನಾಲ್ಕನೆಯದು, ನಮ್ಮ ಸ್ಕೋರ್ ಪುಸ್ತಕದಲ್ಲಿ ಅಂಪೈರರ ಹೆಸರಿನ ಕೆಳಗೆ ಮಾಲಿಯ ಹೆಸರನ್ನೂ ಬರೆಯುವುದು, ಮಧ್ಯಾಹ್ನದ ಊಟದ ಲೆಕ್ಕದಲ್ಲಿ ಅವನದೂ ಒಂದು ಎಲೆ ಸೇರಿಸುವುದು. ಇದಕ್ಕೆ ತಗಲುವ ಖರ್ಚನ್ನು ನಾವು ಲೆಕ್ಕಹಾಕಿ ನೋಡಿದ್ದೇವೆ; ಸಂಘದ ಬೊಕ್ಕಸ ಬರಿದಾಗುವ ಭಯವಿಲ್ಲ.

ಕನ್ನಡದಲ್ಲಿ ಹಾಸುಹೊಕ್ಕು ಎಂಬ ಸೊಗಸಾದ ಮಾತಿದೆ. ಮಗ್ಗಕ್ಕೆ ಮೊದಲು ಹಾಸು ಏರಬೇಕು, ಅನಂತರ ಹೊಕ್ಕು ಓಡಬೇಕು. ಓಡುವ ಹೊಕ್ಕನ್ನೇ ಎಲ್ಲರೂ ನೋಡುತ್ತಾರೆ. ಹಾಸು ಸುಮ್ಮನೆ ಬಿಗಿಯಾಗಿ ನಿಂತಿರುತ್ತದೆ. ಆಟಗಾರನು ಹೊಕ್ಕು, ನೆಲ ಕಾಯುವವನು ಹಾಸು. ಎರಡೂ ಕೂಡಿದರೇ ಬಟ್ಟೆ.

ನಮ್ಮ ಸೂಚನೆಗಳಲ್ಲಿ ಒಂದನ್ನಾದರೂ ತರುಣರು ಬರುವ ರವಿವಾರವೇ ಆಚರಣೆಗೆ ತಂದರೆ ಈ ಭಾಷಣ ಸಾರ್ಥಕವಾಯಿತೆಂದು ತಿಳಿಯುತ್ತೇವೆ.